ಎರಡನೇ ಗೇರಿನಲ್ಲಿ ಕಲ್ಹಟ್ಟಿ

ಜೂನ್ 3, ಮಂಗಳವಾರ

ಟ್ಯಾಂಕ್ ಫುಲ್ ಮಾಡಿಸಿ ಊಟಿ ಬಸ್ ಸ್ಟ್ಯಾಂಡ್ ಹತ್ತಿರ ಜಯಂತಿಯನ್ನು ಹತ್ತಿಸಿಕೊಂಡೆ. ವಾರಕ್ಕೆರಡು ಸಲ ಇದೇ ಕೆಲಸ. ನರ್ಸಮ್ಮನನ್ನು ಬೆಟ್ಟದ ಕೆಳಗಿನ ಮಾವನಲ್ಲ ಅನ್ನುವ ಊರಿನ ಕ್ಲಿನಿಕ್ಕಿಗೆ ಇಳಿಸುವುದು, ಸಂಜೆ ವಾಪಸ್ ಕರೆತರುವುದು. ತಲೈಕುಂದಾದಲ್ಲಿ ಮಂಜು. ಕಲ್ಹಟ್ಟಿ ದಾಟಿದರೆ ಬಿಸಿಲು. ಮೂವತ್ತಾರು ತಿರುವು. ಗೇರ್ ಇಳಿಸಿ, ಸುತ್ತಿ, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ನನ್ನ ಎದೆಯೊಳಗೇ ಕೂಗಿದ ಹಾಗೆ... ಆ ಹೊತ್ತಿನಲ್ಲಿ ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಡ್ರೈವರ್. ಅಷ್ಟೇ.

ಕ್ಲಿನಿಕ್ಕಿನ ಡಾಕ್ಟರ್ ರಂಗನಾಥನ್ ಗಾಡಿಯ ಹಿಂದೆ ನಿಂತಿದ್ದರು. ಮೂಗಿಗೆ ಕರ್ಚೀಫ್.

“ಜೀವಿತಾಮ್ಮಾ, ಲೀಟರಿಗೆ ಎಷ್ಟು ಕೊಡುತ್ತೆ?”

“ಹನ್ನೊಂದು ಸಾರ್.”

“ಕಾಡಿನ ಬಾಗಿಲಲ್ಲಿ ಕೂತಿದ್ದೀವಿ. ಒಬ್ಬ ನರ್ಸ್‌ಗೋಸ್ಕರ ಇಷ್ಟು ಪೆಟ್ರೋಲ್ ಸುಡೋದು ನ್ಯಾಯಾನಾ ಹೇಳಿ. ಆಗಸ್ಟಿಂದ ಕರೆಂಟ್ ಗಾಡಿ ಬರುತ್ತೆ. ಡ್ರೈವರೂ ಕಂಪನಿ ಕಡೆಯವರೇ.”

ಬೈದಿದ್ದರೆ ಜಗಳ ಆಡುತ್ತಿದ್ದೆ. ನ್ಯಾಯ ಕೇಳಿದರು. ಅದಕ್ಕೇ ಉರಿಯಿತು.

“ಜುಲೈ ಮುಗಿಯೋ ತನಕ ಟೈಮ್ ಕೊಡಿ ಸಾರ್. ತೋರಿಸ್ತೀನಿ” ಅಂದುಬಿಟ್ಟೆ.

ಏನು ತೋರಿಸುವುದು? ಗೊತ್ತಿಲ್ಲ. ಆದರೆ ಆ ರಸ್ತೆ ಬಿಡುವುದಿಲ್ಲ.

ಜೂನ್ 5

ಮೆಕ್ಯಾನಿಕ್ ಸೆಲ್ವಕುಮಾರಣ್ಣನ ಶೆಡ್ಡಿನಲ್ಲೇ ಅರ್ಧ ದಿನ. ಏರ್ ಫಿಲ್ಟರ್ ಹೊಸದು. ಪ್ಲಗ್ ಹೊಸದು. ಟೈರಿಗೆ ಗಾಳಿ. ಮೇಲಿನ ಕ್ಯಾರಿಯರ್ ಬಿಚ್ಚಿಸಿದೆ. ಡಿಕ್ಕಿಯಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಗೊಬ್ಬರದ ಮೂಟೆಯನ್ನೂ ಇಳಿಸಿದೆ. ಹೊಗೆ ಸುಮಾರಾಗಿ ನಿಂತಿದೆ.

“ಮಿಕ್ಕಿದ್ದು ನಿನ್ನ ಕಾಲಲ್ಲಿ ಇದೆ ತಂಗಚ್ಚಿ” ಅಂದ ಅಣ್ಣ. “ತಿರುವಿಂದ ತಿರುವಿಗೆ ರೇಸ್ ಬಿಡ್ತೀಯಲ್ಲ, ಅದಕ್ಕೆ ಯಾವ ಫಿಲ್ಟರ್ ಹಾಕಲಿ?”

ರಾತ್ರಿ ಊಟದ ಹೊತ್ತಿಗೆ ನನ್ನ ಗಂಡ ಸಂತೋಷ್ ತನ್ನ ಉಪಾಯ ಹೇಳಿದ. “ಇಳಿಜಾರಲ್ಲಿ ಇಂಜಿನ್ ಏತಕ್ಕೆ? ನ್ಯೂಟ್ರಲ್ ಹಾಕಿ ಆಫ್ ಮಾಡು. ಟೀ ಎಲೆ ಲಾರಿಯವರೆಲ್ಲಾ ಮಾಡ್ತಾರೆ.”

ಅವನ ಅಮ್ಮ, ನನ್ನ ಮಾಮಿ, ಕೈತುತ್ತು ಹಾಗೇ ಹಿಡಿದುಕೊಂಡು, “ಬೇಡ ಹೆಣ್ಣೆ. ಮೆಲ್ಲ ಹೋಗು, ಸಾಕು” ಅಂದರು.

ಮಾಮಿಗೆ ಗಾಡಿಯ ವಿಷಯ ಏನು ಗೊತ್ತು ಅಂದುಕೊಂಡೆ.

ಜೂನ್ 10

ಕಲ್ಹಟ್ಟಿ ಕೆಳಗೆ ಆಫ್ ಮಾಡಿದೆ. ಗಾಡಿ ತಾನಾಗೇ ಉರುಳಿತು. ಹಕ್ಕಿ ಕೂಗುವುದು ಕೇಳಿಸಿತು — ಇಷ್ಟು ವರ್ಷದಲ್ಲಿ ಮೊದಲ ಸಲ. ಜಯಂತಿ ಕಿಟಕಿ ಇಳಿಸಿ, “ಅಕ್ಕಾ, ಇದೇ ಚೆನ್ನಾಗಿದೆ” ಅಂದಳು.

ಸ್ಟಿಯರಿಂಗ್ ಮಾತ್ರ ಬಂಡೆ. ಆಡಿಸುವವಳು ನಾನಲ್ಲ, ಇಳಿಜಾರು. ಖುಷಿ ಸೊನ್ನೆ. ಮೈಲೇಜ್ ಹದಿನಾಲ್ಕೂವರೆ!

ನಂಬರ್ ಬಂತಲ್ಲ. ಖುಷಿ ಆಮೇಲೆ ನೋಡಿಕೊಂಡರಾಯಿತು.

ಜೂನ್ 13

ಇಬ್ಬರೂ ಬದುಕಿದ್ದೇವೆ. ಇವತ್ತು ಬರೆಯಲಾರೆ.

ಜೂನ್ 19

ಈಗ ಬರೆಯಬಹುದು.

ಅವತ್ತೂ ಇಂಜಿನ್ ಆಫ್. ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯುತ್ತಿದ್ದೆ. ತಿರುವು ಸುತ್ತಿದರೆ ರಸ್ತೆ ತುಂಬಾ ಆನೆ. ಕಾಲಡಿಯಲ್ಲಿ ಮರಿ. ನಾವು ಬರುವ ಸದ್ದೇ ಅದಕ್ಕೆ ಕೇಳಿಸಿಲ್ಲ. ಬ್ರೇಕ್ ಒತ್ತಿದೆ — ಪೆಡಲ್ ಕಲ್ಲಾಗಿತ್ತು. ಎರಡು ಕಾಲೂ ಇಟ್ಟು ನಿಂತೆ. ಕೇಳಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಸ್ಟಿಯರಿಂಗನ್ನು ಬೆಟ್ಟದ ಕಡೆಗೆ ತಿರುಗಿಸಿದೆ. ಎಡ ಚಕ್ರ ಚರಂಡಿಗೆ ಬಿತ್ತು. ಜಯಂತಿಯ ಹಣೆ ಡ್ಯಾಶ್‌ಬೋರ್ಡಿಗೆ. ಗಾಡಿ ನಿಂತಿತು.

ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ನಮ್ಮ ಕಡೆ ಬಂತು. ಅದರ ಉಸಿರು ಬಾನೆಟ್ಟಿನ ಮೇಲಿನ ಧೂಳನ್ನು ಹಾರಿಸಿತು. ಜಯಂತಿ ನನ್ನ ಕೈ ಹಿಡಿದು, “ಅಕ್ಕಾ, ಅಲುಗಬೇಡ. ಹಾರ್ನ್ ಮುಟ್ಟಬೇಡ” ಅಂತ ಪಿಸುಗುಟ್ಟಿದಳು. ಮರಿ ಪೊದೆಯೊಳಗೆ ಇಳಿಯಿತು. ಆಮೇಲೆ ತಾಯಿ.

ಆನೆ ಮರೆಯಾದ ಮೇಲೆ ಅವಳೇ ಮಾತಾಡಿದಳು. ಹಣೆಯಲ್ಲಿ ರಕ್ತ, ದನಿ ಮಾತ್ರ ವಾರ್ಡಿನಲ್ಲಿ ಮಾತಾಡುವ ಹಾಗೆ.

“ನಮ್ಮಪ್ಪ ಕಾಡಲ್ಲಿ ನಡೆಯುವಾಗ ಸುಮ್ಮಸುಮ್ಮನೆ ಕೆಮ್ಮುತ್ತಾ ಹೋಗುತ್ತೆ ಅಕ್ಕಾ. ನಾನು ಬರ್ತಿದ್ದೀನಿ ಅಂತ ಹೇಳಿದ ಹಾಗೆ. ಹೇಳದೆ ಅವುಗಳ ಮನೆಗೆ ಹೋಗಬಾರದು.”

ಕಾಡಿಗೆ ಒಳ್ಳೆಯದು ಮಾಡುತ್ತೇನೆಂದು ಹೊರಟವಳು ಮರಿಯ ಮೇಲೆ ಗಾಡಿ ಹತ್ತಿಸುತ್ತಿದ್ದೆ.

ಇಂಜಿನ್ ಆಫ್ ಆದರೆ ಬ್ರೇಕಿನ ಬಲ ಎರಡು ಮೂರು ಒತ್ತಿಗೇ ಮುಗಿಯುತ್ತದಂತೆ. ಸೆಲ್ವಕುಮಾರಣ್ಣ ಬಂಪರ್ ಕಟ್ಟುತ್ತಾ ಹೇಳಿದ, ನನ್ನ ಮುಖ ನೋಡದೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿಂದ ಕಾಲು ತೆಗೆದರೆ ಇಳಿಜಾರಲ್ಲಿ ಪೆಟ್ರೋಲ್ ತಾನಾಗೇ ನಿಲ್ಲುತ್ತದೆ ಅಂತಲೂ ಹೇಳಿದ. ನಂಬಿಕೆ ಬರಲಿಲ್ಲ.

ಸಂತೋಷ್ ಈ ಆರು ದಿನದಲ್ಲಿ ನೂರು ಸಲ ಕೇಳಿದ: “ನಾ ಹೇಳಿದ್ದಕ್ಕೇ ಆಯಿತಲ್ಲವಾ?”

ಇಲ್ಲ. ಕೀ ತಿರುಗಿಸಿದ್ದು ನನ್ನ ಕೈ.

ನಾಳೆ ಶುಕ್ರವಾರ. ಹೋಗುತ್ತೇನೆ. ಜಯಂತಿ ಬರುತ್ತಾಳೋ ಇಲ್ಲವೋ.

ಜೂನ್ 20

ಬಂದಳು. ಹಣೆಗೆ ಪ್ಲಾಸ್ಟರ್. ಮುಂದಿನ ಸೀಟಲ್ಲೇ ಕೂತಳು.

ಎರಡನೇ ಗೇರ್. ಕಡಿದಾದಲ್ಲಿ ಒಂದನೇದು. ಆಕ್ಸಿಲರೇಟರಿನ ಮೇಲೆ ಕಾಲೇ ಇಲ್ಲ. ಇಂಜಿನ್ ಹಗ್ಗ ಹಿಡಿದು ಬಿಡುವ ಹಾಗೆ ಗಾಡಿಯನ್ನು ಇಳಿಸಿತು. ತಿರುವು ಬರುವ ಮೊದಲೇ ತಿರುವನ್ನು ಓದಬೇಕು. ತಪ್ಪಿದರೆ ಬ್ರೇಕ್ ಬೇಕಾಗುತ್ತದೆ. ಮೊದಲ ಹತ್ತರಲ್ಲಿ ಏಳು ತಪ್ಪಿದೆ. ಕೊನೆಯ ಹತ್ತರಲ್ಲಿ ಎರಡೇ.

ಹಳೆಯ ಖುಷಿ ಅಲ್ಲ ಇದು. ಕಿರುಚುವುದಿಲ್ಲ. ಆದರೆ ಕೆಳಗೆ ಇಳಿದಾಗ ಮುಖದಲ್ಲಿ ನಗು ಇತ್ತು, ಜಯಂತಿ ನೋಡಿ ಹೇಳಿದಳು.

ಜೂನ್ 24

ಹತ್ತುವುದು ಕಷ್ಟ. ಕಾಲು ಹಳೇ ಅಭ್ಯಾಸಕ್ಕೆ ಓಡುತ್ತದೆ. ಹಿಂದೆ ಬಂದ ಬೈಕಿನವನೊಬ್ಬ ಹಾರ್ನ್ ಹೊಡೆದು ಹಲ್ಲು ಕಿರಿದು ಮುಂದೆ ಹೋದ. ಹಿಂದಾದರೆ ಮೂರನೇ ತಿರುವಿನಲ್ಲಿ ಹಿಡಿದಿರುತ್ತಿದ್ದೆ.

ಬಿಟ್ಟೆ. ಹಲ್ಲು ಕಚ್ಚಿ ಬಿಟ್ಟೆ.

ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ: ಹದಿನಾಲ್ಕು. ಇಂಜಿನ್ ಆನ್ ಇಟ್ಟು! ಅಣ್ಣ ಹೇಳಿದ್ದು ನಿಜ.

ಜೂನ್ 27

ಮಾವನಲ್ಲದಲ್ಲಿ, ಕ್ಲಿನಿಕ್ಕಿಗೆ ಬರುವ ಕರಿಯಮ್ಮಜ್ಜಿ ಬಸ್ಸಿಗೆ ಕಾದು ಕೂತಿತ್ತು. ಕಣ್ಣಿನ ಆಸ್ಪತ್ರೆಗೆ, ಊಟಿಗೆ. ಬಸ್ ಬಂದಿರಲಿಲ್ಲ. ಜಯಂತಿಯನ್ನು ಇಳಿಸಿ ಸಂಜೆ ತನಕ ಸುಮ್ಮನೆ ನಿಲ್ಲುವುದು ಬಿಟ್ಟು ಅಜ್ಜಿಯನ್ನು ಹತ್ತಿಸಿಕೊಂಡು ಹೊರಟೆ... ಅಷ್ಟರಲ್ಲಿ ತಲೆಗೆ ಹೊಳೆಯಿತು. ಬೇರೆ ಟ್ರಿಪ್ ಏತಕ್ಕೆ? ಬೆಳಗ್ಗೆ ಇಳಿಯುವಾಗಲೂ ಸಂಜೆ ಹತ್ತುವಾಗಲೂ ಮೂರು ಸೀಟು ಖಾಲಿ. ಅಜ್ಜಿಯನ್ನು ವಾಪಸ್ ಕರೆತಂದು ಕ್ಲಿನಿಕ್ಕಿನಲ್ಲೇ ಕೂರಿಸಿದೆ. ಜಯಂತಿ ಫೋನ್ ಮಾಡಿ ಆಸ್ಪತ್ರೆಯಲ್ಲಿ ನಾಳೆ ಬೆಳಗ್ಗೆಗೆ ಹೇಳಿಟ್ಟಳು. ಸಂಜೆ ಅಜ್ಜಿ, ಇನ್ನೊಬ್ಬ ಬಸುರಿ, ಅವಳ ತಾಯಿ. ಗಾಡಿ ತುಂಬಿತು. ಅಜ್ಜಿಯನ್ನು ಜಯಂತಿ ತನ್ನ ರೂಮಿಗೆ ಕರೆದುಕೊಂಡು ಹೋದಳು.

ಬಸುರಿ ಹಿಂದೆ ಕೂತಾಗ ತಿರುವು ಬೇರೆಯೇ. ಅವಳಿಗೆ ತಿರುವು ಗೊತ್ತಾಗಬಾರದು. ಮೂವತ್ತಾರನ್ನೂ ಹಾಗೆ ಹತ್ತಿದೆ. ಮೇಲೆ ಬಂದಾಗ ಅವಳು ನಿದ್ದೆ ಮಾಡಿದ್ದಳು.

ಇಷ್ಟು ಚೆನ್ನಾಗಿ ನಾನು ಎಂದೂ ಗಾಡಿ ಓಡಿಸಿಲ್ಲ.

ಜುಲೈ 8

ಡಾಕ್ಟರ್ ತಾವೇ ಗಾಡಿಯಲ್ಲಿ ಕೂತರು. ಊಟಿಯಿಂದ ಮಾವನಲ್ಲದ ತನಕ ಕಣ್ಣು ನನ್ನ ಕಾಲಿನ ಮೇಲೆಯೇ. ಇಳಿದ ಮೇಲೆ —

“ಚೆನ್ನಾಗಿ ಓಡಿಸ್ತೀರಿ. ಆದರೂ ಹದಿನಾಲ್ಕು ಹದಿನಾಲ್ಕೇ. ಹೊಗೆ ಹೊಗೆಯೇ.”

“ನಿಜ ಸಾರ್. ನಿಮ್ಮ ಕರೆಂಟ್ ಗಾಡಿಯಲ್ಲಿ ಎಷ್ಟು ಜನ ಬರ್ತಾರೆ?”

“ಜಯಂತಿ ಒಬ್ಬಳೇ.”

“ಖಾಲಿ ಗಾಡಿ ಹತ್ತಿಸೋಕೆ ಕರೆಂಟಾದರೆ ಏನು, ಪೆಟ್ರೋಲಾದರೆ ಏನು? ನಾಲ್ಕು ಜನ ನನ್ನ ಗಾಡಿಯಲ್ಲಿ ಬಂದರೆ ಮೂರು ಬಾಡಿಗೆ ಜೀಪು ಈ ರಸ್ತೆಗೆ ಇಳಿಯಲ್ಲ.”

ಅಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ಜೂನ್ 13ರದ್ದೂ ಹೇಳಿದೆ. ಜಯಂತಿ ಇಷ್ಟು ದಿನ ಮೆಟ್ಟಿಲಲ್ಲಿ ಬಿದ್ದೆ ಅಂದಿದ್ದಳಂತೆ! ಡಾಕ್ಟರ ಮುಖ ಕೆಂಪಾಯಿತು. ಬೈದರು. ಬೈಯಬೇಕಾದ್ದೇ.

ಆಮೇಲೆ ಅಂದರು: “ಕರೆಂಟ್ ಗಾಡಿ ಬರುತ್ತೆ. ಅದರಲ್ಲಿ ಮಾತಿಲ್ಲ. ಕಂಪನಿ ಡ್ರೈವರ್ ಬೇಡ ಅಂತೀನಿ. ನೀವು ಓಡಿಸ್ತೀರಾ?”

“ಖಾಲಿ ಹೋಗಲ್ಲ ಅಂದರೆ ಓಡಿಸ್ತೀನಿ.”

ಜುಲೈ 29

ಗಾಡಿ ಬಂತು. ಬಿಳಿ. ಗೇರ್ ಇಲ್ಲ! ಎಡಗಾಲಿಗೆ ಕೆಲಸವಿಲ್ಲ, ಬೇಸರ. ಹತ್ತುವಾಗ ಮಾತ್ರ... ಅಮ್ಮಾ. ಒತ್ತಿದರೆ ಬೆಟ್ಟವೇ ಕೆಳಗೆ ಜಾರಿದ ಹಾಗೆ. ಒಂದೇ ಒಂದು ತಿರುವಿನಲ್ಲಿ ಒತ್ತಿದೆ. ಒಂದೇ. ಇಳಿಯುವಾಗ ಬ್ಯಾಟರಿಗೆ ಕರೆಂಟ್ ವಾಪಸ್ ಬರುತ್ತದೆ. ಮೀಟರಿನಲ್ಲಿ ನಂಬರ್ ಏರುವುದನ್ನು ನೋಡುತ್ತಾ ಇಳಿಯುವುದೇ ಒಂದು ಆಟ.

ಹಳೇ ಗಾಡಿ ಇನ್ನು ಸೋಲೂರು ಕಡೆಯ ಬಾಡಿಗೆ ಓಡಾಟಕ್ಕೆ. ಮಾರುವುದಿಲ್ಲ. ಸಂತೋಷ್ ಕೇಳಲೂ ಇಲ್ಲ.

ಆಗಸ್ಟ್ 2, ಶನಿವಾರ, ಮಧ್ಯಾಹ್ನ 3

ಜಯಂತಿ ರಜೆಗೆ ಮಾವನಲ್ಲದ ಹತ್ತಿರದ ತನ್ನ ಊರಿಗೆ ಹೋಗಿದ್ದಾಳೆ. ಈಗಷ್ಟೇ ಅವಳ ಫೋನ್. ಜೂನ್‌ನಲ್ಲಿ ಗಾಡಿಯಲ್ಲಿ ನಿದ್ದೆ ಮಾಡಿದ್ದ ಆ ಬಸುರಿ ಹುಡುಗಿಗೆ ನೋವು ಶುರುವಂತೆ, ದಿನಕ್ಕೆ ಮೊದಲೇ. ಆಂಬ್ಯುಲೆನ್ಸ್ ಗೂಡಲೂರು ಕಡೆಯಿಂದ ಬರಬೇಕು, ತಡ. “ಅಕ್ಕಾ, ನೀನೇ ಬಾ. ನೀನು ಓಡಿಸಿದರೆ ಬರ್ತೀನಿ ಅಂತಾಳೆ.”

ಮನೆ ಮುಂದೆ ನಿಂತ ಬಿಳಿ ಗಾಡಿಯಲ್ಲಿ ಚಾರ್ಜ್ ನೂರಕ್ಕೆ ಅರುವತ್ತು. ಸಂತೋಷ್ ಹಳೇ ಗಾಡಿಯ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. “ಇದರಲ್ಲಿ ಟ್ಯಾಂಕ್ ಫುಲ್ ಇದೆ, ಇದನ್ನೇ ತೆಗೆದುಕೊಂಡು ಹೋಗು.”

ಲೆಕ್ಕ ಹಾಕಿದೆ. ಇಳಿಯುವಾಗ ಖರ್ಚಿಲ್ಲ, ಸ್ವಲ್ಪ ಏರುತ್ತದೆ. ಐವರನ್ನು ಹೊತ್ತು ಹತ್ತಿದರೂ ಊಟಿ ಮುಟ್ಟಿ ಉಳಿಯುತ್ತದೆ, ಕಾಲು ನನ್ನ ಮಾತು ಕೇಳಿದರೆ. ಕೇಳುತ್ತದೆ. ಹೆರಿಗೆ ನೋವಿನವಳಿಗೆ ಪೆಟ್ರೋಲ್ ವಾಸನೆ ಬೇಡ, ಗೇರಿನ ಜಗ್ಗಾಟ ಬೇಡ.

ಬಿಳಿ ಗಾಡಿಯೇ. ಮಾಮಿ ಎರಡು ಕಂಬಳಿ, ಹಳೇ ಸೀರೆ ಎಲ್ಲಾ ಹಿಂದಿನ ಸೀಟಿಗೆ ಹಾಕುತ್ತಿದ್ದಾರೆ, ತಾವೂ ಬರುತ್ತಾರಂತೆ, ಆಗಲೇ ಒಳಗೆ ಕೂತು ಬೆಲ್ಟ್ ಹಾಕಿಕೊಂಡು ಕರೆಯುತ್ತಿದ್ದಾರೆ. ಹೊರಟೆ.