ಒಂಟಿಗಾಲಿನ ಸ್ಟೂಲು

ಹಾರ್ಟ್ಸ್ ಬೆಟ್ಟ, ಮಂಗಳವಾರ

ಮಗಳು ರೀಕೆಗೆ ಅಪ್ಪನ ಮುತ್ತುಗಳು.

ನಮ್ಮ ಮನೆತನದ ಹೆಸರು ಕ್ಯೋಲರ್ ಎಂದರೆ ಇದ್ದಿಲು ಸುಡುವವನು, ಮಸಿ ಮೆತ್ತಿದ ಹೆಸರು, ಶನಿವಾರ ಮದುವೆಯ ರಿಜಿಸ್ಟರಿನಲ್ಲಿ ಅದನ್ನು ಬಿಟ್ಟುಬಿಡುತ್ತೇನೆ ಎಂದೆಯಲ್ಲ. ಸಿಟ್ಟಿನಲ್ಲಿ ಫೋನ್ ಇಟ್ಟವನು ನೇರ ಇಲ್ಲಿಗೆ ಬಂದೆ. ಇಲ್ಲಿ ಈಗಲೂ ಇದ್ದಿಲು ಸುಡುತ್ತಾರೆ (ಇಂಗ್ಲಿಷಿನಲ್ಲಿ ಚಾರ್ಕೋಲೋ ಏನೋ, ಕಾಲೇಜಿನಲ್ಲಿ ಕಲಿತಿದ್ದೆ). ಮಣ್ಣು ಮುಚ್ಚಿದ ಸೌದೆಯ ಗುಡ್ಡೆ ವಾರವಿಡೀ ಹೊಗೆಯಾಡುತ್ತದೆ; ಎಲ್ಲಾದರೂ ಬಿರುಕು ಬಿಟ್ಟು ಬೆಂಕಿ ಎದ್ದರೆ ಎಲ್ಲ ಬೂದಿ. ಅದಕ್ಕೇ ಕಾಯುವವನಿಗೆ ಒಂದೇ ಕಾಲಿನ ಸ್ಟೂಲು, ತೂಕಡಿಸಿದರೆ ಬಿದ್ದು ಎಚ್ಚರಾಗಲಿ ಎಂದು. ಗುಡ್ಡೆ ಕಾಯುವ ಮುದುಕ ಓಟ್ಮಾರ್ ನನ್ನನ್ನೂ ಅದರ ಮೇಲೆ ಕೂರಿಸಿದ. ಊಟವಾಗಿತ್ತಲ್ಲ, ಜೋಂಪು ಹತ್ತಿ ದೊಪ್ಪನೆ ಬಿದ್ದೆ.

“ಏನ್ ಯಜಮಾನ್ರೇ, ಹೆಸರು ಮಾತ್ರ ಕ್ಯೋಲರ್ರಾ? ನಿಮ್ಮನೇಲಿ ಎಚ್ಚರ ಇದ್ದು ಕಾಯ್ತಿದ್ದೋರು ಯಾರು?” ಎಂದು ನಕ್ಕ.

“ನನ್ನ ಹೆಂಡ್ತಿ ಕಣಯ್ಯಾ” ಎಂದೆ.

ನಿನಗೆ ಜ್ವರ ಬಂದಾಗಲೆಲ್ಲ ಕಣ್ಣು ಮುಚ್ಚದೆ ಕೂತವಳು ಅವಳೇ. ನಾನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದೆ. ಕ್ಯೋಲರ್ ಆಗಿ ಹುಟ್ಟಿದವನು ನಾನು; ಅವಳು ಹುಟ್ಟಿದ್ದು ಬೇರೆ ಮನೆತನದ ಹೆಸರಿನಲ್ಲಿ.

ಮಂಡಿ ತರಚಿದೆ ಅಷ್ಟೆ, ಮುಲಾಮು ಹಚ್ಚಿದ್ದಾರೆ. ನಿನಗೆ ಬೇಕಾದ ಹೆಸರು ಬರೆಸು ಮಗಳೇ. ಸಾಕ್ಷಿಗೆ ನಾನೇ ನಿಲ್ಲುತ್ತೇನೆ. ಬಸ್ಸು ಬಂತು.

ಅಪ್ಪ