ಮೇಡಂ ಬೆನ್ನ ಹಿಂದಿನ ಬೆಟ್ಟ

ಮನೆಯಿಂದ,
ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಗ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಬಲಗೈ ಹೇಗಿದೆ? ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿದೆಯಾ, ಗಾಯ ಒಣಗಿತೇ? ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದೆಯಲ್ಲ, ಮಂಡಿನೋವು ಮತ್ತೆ ಶುರುವಾಗಿದೆಯೇ? ಭಾನುವಾರ ಫೋನಿನಲ್ಲಿ ಕೇಳಿದರೆ "ನಂಗೇನಾಗಿದ್ಯೋ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತೀಯ. ಗುಂಡುಕಲ್ಲು ಕುಂಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವನಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬೇರಿಸಬೇಡ, ಅದನ್ನು ಹೇಳಲೆಂದೇ ಈ ಕಾಗದ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ನೀನು ಮೇಡಂ ಮನೆಯ ಅಡುಗೆಮನೆಯಲ್ಲಿ ನಿಂತು ಪಿಸುಗುಡುತ್ತೀಯ, ಇಲ್ಲಿ ಅಪ್ಪನೂ ಅಕ್ಕನೂ ಫೋನಿಗಾಗಿ ಕಿತ್ತಾಡುತ್ತಾರೆ, "ಊಟ ಆಯ್ತಾ? ಆಯ್ತು. ನಿಂದು?" ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಎದುರುಮನೆಯ ವ್ಯಾನಿನ ಅಣ್ಣ ಇವತ್ತು ಸಂಜೆ ಔಷಧಿ ತುಂಬಿಕೊಂಡು ನಿನ್ನ ಕಡೆಗೆ ಹೊರಟಿದ್ದಾನೆ. ಬಸ್ಸು, ರೈಲು ಎಲ್ಲ ನಿಂತರೂ ಅವನಿಗೆ ಪಾಸ್ ಇದೆ. ಗೇಟಿನ ಕಾವಲುಗಾರನ ಕೈಗೆ ಕೊಟ್ಟು ಹೋಗುತ್ತೇನೆ ಎಂದಿದ್ದಾನೆ. ಒಬ್ಬಳೇ ಇರುವಾಗ ಓದು.

ಮೊದಲು ಮನೆಯ ಸುದ್ದಿ. ಅಪ್ಪನಿಗೆ ಇನ್ನೂ ರಾತ್ರಿ ಪಾಳಿಯೇ. ಬೀಗ ಹಾಕಿದ ಕಾರ್ಖಾನೆಯನ್ನು ರಾತ್ರಿಯಿಡೀ ಕಾಯುತ್ತಾರೆ, ಕದಿಯಲು ಬರುವ ಕಳ್ಳರೂ ಮನೆಯಲ್ಲೇ ಕೂತಿದ್ದಾರಂತೆ. ಬೆಳಿಗ್ಗೆ ಬಂದು, ತಲೆಗೆ ಟವೆಲ್ ಸುತ್ತಿಕೊಂಡು ಮಲಗುತ್ತಾರೆ. ಅವರ ಕಾಲ ಬುಡದಲ್ಲಿ ಅಕ್ಕನ ಹೊಲಿಗೆ ಯಂತ್ರ. ಆಸ್ಪತ್ರೆಯವರ ನಿಲುವಂಗಿ ಹೊಲಿಯುವ ಕೆಲಸ ಸಿಕ್ಕಿದೆ, ಕೈತುಂಬ ಇದೆ. ಆ ಒಂದೇ ಕೋಣೆಯಲ್ಲಿ ಅಪ್ಪನ ಗೊರಕೆ ಒಂದು ಕಡೆ, ಯಂತ್ರದ ಸದ್ದು ಇನ್ನೊಂದು ಕಡೆ. ಇವೆರಡರ ನಡುವೆ ನಿನ್ನ ಮಗ ವಿಶ್ವವಿದ್ಯಾಲಯದ ಶಿಕ್ಷಣ ಪಡೆಯಬೇಕು. ಪಡೆಯೋಣವೆಂದರೆ ಕೋಣೆಯೊಳಗೆ ನೆಟ್ ಬರುವುದಿಲ್ಲ. ಅದು ಸಿಗುವುದು ಎರಡನೇ ಮಹಡಿಯಿಂದ ಮೂರನೇ ಮಹಡಿಗೆ ಮೆಟ್ಟಿಲು ತಿರುಗುವಲ್ಲಿ, ಅದೂ ಗೋಡೆಗೆ ಒರಗಿ ಕೂತರೆ. ಈಗ ಅದೇ ನನ್ನ ಕಾಲೇಜು. ಮೇಲಿನ ಮನೆಯ ಅಜ್ಜಿ ಹತ್ತುವಾಗ ಸುಧಾರಿಸಿಕೊಳ್ಳಲು ಅಲ್ಲೇ ಕೂರುತ್ತಾರೆ, ಕೂತವರು ಪಾಠವನ್ನೂ ಕೇಳುತ್ತಾರೆ. ಭೂಮಿಯ ತಟ್ಟೆಗಳು ಒಂದಕ್ಕೊಂದು ಒತ್ತಿ ಬೆಟ್ಟ ಏಳುತ್ತವೆ ಎಂದು ಕೇಳಿದ ದಿನ, "ಅಯ್ಯೋ, ನಮ್ಮ ಮನೇಲಿ ಸೊಸೆಯಂದಿರು ಹಾಗೇ ಕಣಪ್ಪ" ಎಂದು ನಗುತ್ತ ಎದ್ದುಹೋದರು. ಪರೀಕ್ಷೆಗೆ ಅಜ್ಜಿಯೇ ಕೂತರೆ ನನಗಿಂತ ಹೆಚ್ಚು ಅಂಕ ತೆಗೆಯಬಹುದು.

ಹಾಂ, ಪಾಠ ಭೂಗೋಳದ್ದು. ಈಗ ಕೂತುಕೊಂಡು ಓದು ಅಮ್ಮಾ. ಈ ಅವಧಿಗೆ ನಮಗೆ ಭೂಗೋಳ ಹೇಳಿಕೊಡುತ್ತಿರುವುದು ನಿನ್ನ ಮೇಡಂ.

ನೀನು ಆ ಮನೆಗೆ ಹೋದದ್ದು ಯಾಕೆಂದು ನನಗೆ ಗೊತ್ತಿಲ್ಲವೇ? ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳಲು ಮನೆಯಲ್ಲೇ ಇರುವವರು ಬೇಕು ಎಂಬ ಮೇಡಂ ಚೀಟಿಯನ್ನು ಕಾಲೇಜಿನ ಫಲಕದಲ್ಲಿ ನೋಡಿ ನಿನಗೆ ಹೇಳಿದವನು ನಾನೇ. ಮಗ ಓದುವ ಊರಿನಲ್ಲೇ ಕೆಲಸ, ವಾರಕ್ಕೊಮ್ಮೆ ಮುಖ ನೋಡಬಹುದು ಎಂದು ನೀನು ಗಂಟು ಕಟ್ಟಿದೆ. ನೀನು ಅಲ್ಲಿ ನೆಲೆಯೂರುವಷ್ಟರಲ್ಲಿ ಊರೂರಿಗೆಲ್ಲ ಈ ಅಂಟುಕಾಯಿಲೆ ಬಂತು, ಹಾಸ್ಟೆಲಿಗೆ ಬೀಗ ಬಿತ್ತು, ಸಿಕ್ಕಿದ ಕೊನೆಯ ರೈಲಿನಲ್ಲಿ ನಾನು ಮನೆಗೆ ಬಂದೆ. ಹಾಸಿಗೆ ಹಿಡಿದ ಮುದುಕಿಯನ್ನು ಬಿಟ್ಟು ಬರಲಾರೆ ಎಂದು ನೀನು ಉಳಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನನ್ನು ನೋಡಲು ಮನೆ ಬಿಟ್ಟವಳು ನೀನು, ಈಗ ಮನೆಯಲ್ಲಿರುವವನು ನಾನು. ಆಗ ಮೇಡಂ ನಮಗೆ ಪಾಠ ಮಾಡುತ್ತಿರಲಿಲ್ಲ. "ಓದೋ ಕಡೆ ನನ್ನ ವಿಷಯ ಎತ್ತಬೇಡ, ನಿನ್ನ ಪಾಡಿಗೆ ನೀನಿರು" ಎಂದು ನೀನು ಹೇಳಿದ್ದೆ, ಅದರಂತೆಯೇ ಇದ್ದೇನೆ. ಅವರಿಗೂ ಗೊತ್ತಿಲ್ಲ, ಗೆಳೆಯರಿಗೂ ಗೊತ್ತಿಲ್ಲ.

ಮೊದಲನೇ ದಿನ ಮೆಟ್ಟಿಲ ಮೇಲೆ ಕೂತು ಪಾಠ ತೆರೆದೆ. ಮೇಡಂ ಮುಖ ಬಂತು, ಅವರ ಹಿಂದೆ ಒಂದು ಬಾಗಿಲು, ಬಾಗಿಲಾಚೆ ಹಜಾರ. ಮಡಿಸಿದ ಬಟ್ಟೆಯ ರಾಶಿಯನ್ನು ಗಲ್ಲದಿಂದ ಒತ್ತಿ ಹಿಡಿದು ಒಬ್ಬರು ದಾಟಿಹೋದರು. ಬಟ್ಟೆಯ ರಾಶಿಯನ್ನು ಗಲ್ಲದಿಂದ ಒತ್ತಿ ಹಿಡಿಯುವವರು ಈ ಲೋಕದಲ್ಲಿ ಎಷ್ಟು ಜನರಿದ್ದಾರೋ ನನಗೆ ತಿಳಿಯದು, ಆದರೆ ನಾನು ಫೋನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದೆ. ಸ್ವಲ್ಪ ಹೊತ್ತಿಗೆ ನೀನು ಬರಿಗೈಯಲ್ಲಿ ವಾಪಸು ಬಂದೆ. ಪಾಠಕ್ಕೆ ತೊಂದರೆಯಾಗಬಾರದೆಂದು ತುದಿಗಾಲಿನಲ್ಲಿ ಬೇರೆ ನಡೆಯುತ್ತಿದ್ದೆ. ಅಳು ಬಂತು ಅಮ್ಮಾ, ಸುಳ್ಳು ಯಾಕೆ ಹೇಳಲಿ. ಮೇಲಿನ ಮನೆಯ ಅಜ್ಜಿ ನೋಡಿ, "ಪಾಠ ಅಷ್ಟು ಕಷ್ಟಾನೇನಪ್ಪ?" ಎಂದು ಕೇಳಿದರು. ಹೌದಜ್ಜಿ ಎಂದೆ.

ಅಂದಿನಿಂದ ಭೂಗೋಳದ ಪಾಠಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಆ ಹಜಾರಕ್ಕೇ ಕಾಲಿಡುತ್ತಿರಲಿಲ್ಲ, ಇಲ್ಲವೇ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಕಂಬದ ಹಾಗೆ ನಡೆಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ದಿನನಿತ್ಯದ ನೀನು. ಕಿಟಕಿ ಒರೆಸುತ್ತ ನಿನ್ನಷ್ಟಕ್ಕೆ ನೀನು ಗೊಣಗಿಕೊಳ್ಳುವುದು, ಮುದುಕಿಯ ತಲೆದಿಂಬನ್ನು ಬಾಗಿಲಿಗೆ ಹಿಡಿದು ಎರಡು ಬಾರಿಸುವುದು, ಇವೆಲ್ಲವನ್ನೂ ಕಂಡೆ. ಒಬ್ಬ ಹುಡುಗ, "ಮೇಡಂ ಮನೆ ಕೆಲಸದವರು ಮೇಡಂಗಿಂತ ಚುರುಕು" ಎಂದು ಎಲ್ಲರಿಗೂ ಕಾಣುವಂತೆ ಬರೆದ. ಅವನ ಹಲ್ಲುದುರಿಸಬೇಕು ಎನ್ನಿಸಿತು, ಹೆಮ್ಮೆಯೂ ಆಯಿತು, ಎರಡೂ ಒಟ್ಟಿಗೆ.

ಇದಕ್ಕೊಂದು ತೊಡಕಿತ್ತು. ನೆಟ್ ದುರ್ಬಲವಾಗಿರುವವರು ಚಿತ್ರ ನಿಲ್ಲಿಸಿ ಬರೀ ದನಿ ಕೇಳಿ, ಡೇಟಾ ಉಳಿಯುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ನಾನು ನಿಲ್ಲಿಸಲಿಲ್ಲ. ಹೀಗಾಗಿ ತಿಂಗಳು ಮುಗಿಯುವ ಮೊದಲೇ ಡೇಟಾ ಖಾಲಿಯಾಗುತ್ತಿತ್ತು, ಉಳಿದ ವಿಷಯಗಳಿಗೆ ಗೈರುಹಾಜರಿ. ಗಣಿತದ ಸರ್ ಕರೆದು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಎಚ್ಚರಿಕೆ ಕೊಟ್ಟರು. ಆಗ ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಯಂತ್ರ ನಿಲ್ಲಿಸಿ, "ಮೂದೇವಿ, ಇಷ್ಟು ದಿನ ನೀನೊಬ್ಬನೇ ನೋಡಿದ್ಯಾ?" ಎಂದಳು. ಮರುದಿನ ಅವಳೂ ಮೆಟ್ಟಿಲ ಮೇಲೆ ಬಂದು ಕೂತಳು. ಕೂತದ್ದೇ ಬಂತು, ಆ ದಿನವೇ ಆಗಬಾರದ್ದು ಆಯಿತು.

ಹಾಜರಿ ಕೂಗಿದಾಗ ಓಗೊಡಲು ನಾನು ಮೈಕ್ ತೆರೆದಿದ್ದೆ, ಮುಚ್ಚಲು ಮರೆತಿದ್ದೆ. ನೀನು ಹೊಗೆಯಾಡುವ ನೀರಿನ ಬೋಗುಣಿ ಹಿಡಿದು ಹಜಾರಕ್ಕೆ ಬಂದೆ. ನೆಲದ ಚಾಪೆಯ ಅಂಚು ಮೇಲೆದ್ದಿರುವುದು ನನಗೆ ಕಾಣುತ್ತಿತ್ತು, ನಿನಗೆ ಕಾಣುತ್ತಿರಲಿಲ್ಲ. "ಅಮ್ಮಾ, ಜೋಪಾನ!" ಎಂದು ಕಿರುಚಿಬಿಟ್ಟೆ. ಇಡೀ ತರಗತಿಗೆ ಕೇಳಿಸಿತು, ನಿನಗೊಬ್ಬಳಿಗೆ ಕೇಳಿಸಲಿಲ್ಲ. ನನ್ನ ಕೂಗು ಮೇಡಂ ಕಿವಿಗೆ ಸಿಕ್ಕಿಸಿಕೊಂಡಿದ್ದ ಯಂತ್ರದೊಳಗೇ ನಿಂತುಹೋಯಿತು. ನೀನು ಎಡವಿದೆ, ನೀರು ಕೈಮೇಲೆ ಚೆಲ್ಲಿತು. "ಯಾರಪ್ಪ ಅದು, ಅಮ್ಮನ್ನ ಕರೀತಿರೋದು? ಮೈಕ್ ಆಫ್ ಮಾಡ್ಕೊಳ್ಳಿ" ಎಂದರು ಮೇಡಂ. ಎಲ್ಲರೂ ನಗುವ ಗೊಂಬೆಗಳನ್ನು ಕಳಿಸಿದರು. ಅಷ್ಟರಲ್ಲಿ ಮೇಡಂ ಹಿಂದಿರುಗಿ ನೋಡಿ, ಎದ್ದು ನಿನ್ನ ಹತ್ತಿರ ಓಡಿದರು, ನಿನ್ನ ಕೈಯನ್ನು ತಣ್ಣೀರಿಗೆ ಹಿಡಿಯಲು ಕರೆದೊಯ್ದರು. ಖಾಲಿ ಕುರ್ಚಿಯನ್ನು ನೋಡುತ್ತ ನಾನೂ ಅಕ್ಕನೂ ಕೂತಿದ್ದೆವು. ಅವರು ಒಳ್ಳೆಯವರು ಅಮ್ಮಾ, ಅದಂತೂ ಗೊತ್ತಾಯಿತು.

ಆದರೆ ವಾಪಸು ಬಂದವರು, ಮನೆಯ ಓಡಾಟದಿಂದ ನಿಮ್ಮ ಗಮನ ಚದುರುತ್ತಿದೆ ಎಂದು ಏನನ್ನೋ ಒತ್ತಿದರು. ಅವರ ಹಿಂದಿನ ಬಾಗಿಲು, ಹಜಾರ, ಎಲ್ಲ ಮಾಯವಾಗಿ ಹಿಮದ ಬೆಟ್ಟವೊಂದು ಎದ್ದು ನಿಂತಿತು. ನಿಜದ ಬೆಟ್ಟವಲ್ಲ, ಬೆನ್ನ ಹಿಂದೆ ಪರದೆ ಇಳಿಬಿಟ್ಟಂತೆ ಕಾಣುವ ಚಿತ್ರ. ಅದು ಹಜಾರದ ಜೊತೆಗೆ ನಿನ್ನನ್ನೂ ನುಂಗಿತು. ನನ್ನ ಬುಡಕ್ಕೆ ನಾನೇ ಕೊಡಲಿ ಹಾಕಿಕೊಂಡೆ. ಕೂಗದಿದ್ದರೆ ಮೇಡಂ ಹಿಂದಿರುಗಿ ನೋಡುತ್ತಿರಲಿಲ್ಲ, ಬೆಟ್ಟ ಏಳುತ್ತಿರಲಿಲ್ಲ. ಕೂಗದೆ ಇರಲು ನನ್ನಿಂದ ಆಗುತ್ತಿತ್ತೇ?

ಆ ವಾರವೆಲ್ಲ ಬೆಟ್ಟ ನೋಡಿದ್ದೇ ನೋಡಿದ್ದು. ಆಮೇಲೊಂದು ದಿನ ನೀನು ಚಹಾ ತಂದೆ. ಹಿಮದ ನಡುವಿನಿಂದ ಒಂದು ಲೋಟ ಬಂತು, ಅದರ ಹಿಂದೆ ಬಟ್ಟೆ ಸುತ್ತಿದ ಮಣಿಕಟ್ಟು, ಮೊಣಕೈ, ಅಷ್ಟೆ. ಲೋಟ ಇಟ್ಟು, ಕೈ ಮತ್ತೆ ಬೆಟ್ಟದೊಳಗೆ ಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣಕ್ಕೂ ಹೆತ್ತವಳ ಮೊಣಕೈ ಮುದ್ದು ಎಂದು ಯಾರೂ ಹೇಳಿಲ್ಲ, ಅದನ್ನು ನಾನು ಹೇಳುತ್ತಿದ್ದೇನೆ. ಅಂದಿನಿಂದ ಆ ಒಂದು ಕೈಗಾಗಿ ಪಾಠದುದ್ದಕ್ಕೂ ಕಾಯುತ್ತೇನೆ.

ನಡುವೆ ವಿಶ್ವವಿದ್ಯಾಲಯದವರು ಎಲ್ಲರ ಫೋನಿಗೂ ಪ್ರಶ್ನೆಗಳನ್ನು ಕಳಿಸಿದ್ದರು. ಆನ್‌ಲೈನ್ ಕಲಿಕೆಗೆ ನೀವೆಷ್ಟು ಸಿದ್ಧ? ಪ್ರತ್ಯೇಕ ಕೋಣೆ ಇದೆಯೇ, ಮೇಜು ಕುರ್ಚಿ ಇದೆಯೇ, ಸ್ವಂತ ಕಂಪ್ಯೂಟರ್ ಇದೆಯೇ? ನಾನು ಒಂದೊಂದಕ್ಕೂ ಇಲ್ಲ, ಇಲ್ಲ ಎಂದು ಒತ್ತುತ್ತಿದ್ದರೆ ಅಕ್ಕ, "ಎಲ್ಲಾ ಇದೆ ಅಂತ ಹಾಕೋ, ಇಲ್ಲ ಅಂದ್ರೇನು ಪಾರ್ಸೆಲ್ ಕಳಿಸ್ತಾರಾ?" ಎಂದು ರೇಗಿಸಿದಳು. ಮನೆಯವರ ಬೆಂಬಲ ಎಷ್ಟಿದೆ ಎಂಬುದಕ್ಕೆ ಮಾತ್ರ ಧಾರಾಳವಾಗಿದೆ ಎಂದು ಹಾಕಿದೆ. ಕೊನೆಗೆ, ನಮ್ಮ ಬಹುಪಾಲು ವಿದ್ಯಾರ್ಥಿಗಳು ಸಿದ್ಧರಿದ್ದಾರೆ ಎಂದು ಪ್ರಕಟಣೆ ಬಂತು. ಬಾರದೇ ಏನು, ಸಿದ್ಧರಿಲ್ಲದವರಿಗೆ ಆ ಪ್ರಶ್ನೆಗಳೇ ತಲುಪಿರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವನು, ಉದ್ದಣ್ಣ ಎನ್ನುತ್ತಿದ್ದೆವಲ್ಲ, ನೀನು ಮನೆಯಿಂದ ಕಟ್ಟಿಕೊಡುತ್ತಿದ್ದ ತಿಂಡಿಯನ್ನೆಲ್ಲ ಖಾಲಿ ಮಾಡುತ್ತಿದ್ದವನು, ಅವನು ಮನೆಗೆ ಹೋದ ಮೇಲೆ ಒಂದು ಪಾಠಕ್ಕೂ ಬಂದಿಲ್ಲ. ನಮ್ಮಲ್ಲೇ ಜಾಣ ಅವನು. ಹಾಜರಿಯಲ್ಲಿ ಅವನ ಸರದಿ ಬಂದಾಗ ಮೇಡಂ ಸ್ವಲ್ಪ ಕಾಯುತ್ತಾರೆ, ಆಮೇಲೆ ಮುಂದಕ್ಕೆ ಹೋಗುತ್ತಾರೆ. ಅವನಿಗೆ ಹೋಲಿಸಿದರೆ ನನ್ನದೇನು, ಮೆಟ್ಟಿಲಾದರೂ ಇದೆ.

ಈಗ ಹಾಜರಿ ಸರಿಮಾಡಿಕೊಂಡಿದ್ದೇನೆ, ಚಿಂತೆ ಬೇಡ. ಸರ್ ಎಚ್ಚರಿಸಿದ ಮೇಲೆ ಗಣಿತಕ್ಕೆ ಒಂದು ದಿನವೂ ತಪ್ಪಿಸಿಲ್ಲ. ಹೋದ ವಾರ ಭೂಗೋಳವನ್ನೂ ಚಿತ್ರ ನಿಲ್ಲಿಸಿ ಬರೀ ದನಿಯಲ್ಲಿ ಕೇಳಿದೆ. ಕಷ್ಟವಾಯಿತು. ಲೋಟ ಇಡುವ ಸಣ್ಣ ಸದ್ದು ಕೇಳಿದಾಗ, ಬಂದಳು ಎಂದುಕೊಳ್ಳುತ್ತಿದ್ದೆ. ಬರುವ ಗುರುವಾರ ಮೇಡಂ ಕೊನೆಯ ಪಾಠ. ಮುಂದಿನ ಅವಧಿಗೆ ಬೇರೆಯವರು ಬರುತ್ತಾರೆ, ಅವರ ಮನೆಯಲ್ಲಿ ಯಾರು ಓಡಾಡಿದರೆ ನನಗೇನು? ಬಸ್ಸು ಯಾವಾಗ ಬಿಡುತ್ತಾರೋ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಲ್ಲಿಯವರೆಗೆ ನಿನ್ನನ್ನು ನೋಡುವ ಈ ಕಿಂಡಿಯೂ ಮುಚ್ಚಿಹೋಗುತ್ತದೆ. ನಿನ್ನನ್ನು ತುಂಬಾ ನೆನೆಸಿಕೊಳ್ಳುತ್ತೇನೆ ಅಮ್ಮಾ. ದೊಡ್ಡವನಾದೆ, ಹೀಗೆಲ್ಲ ಬರೆಯಬಾರದು, ಆದರೂ ಬರೆದೆ.

ಅಪ್ಪ ಮಗ್ಗುಲು ಬದಲಿಸಿ, "ಮಂಡಿಗೆ ಎಣ್ಣೆ ಹಚ್ಕೊಳ್ಳೋಕೆ ಹೇಳು" ಎಂದರು. ಅಕ್ಕ ಹೊಲಿದ ಒಂದು ಮೆತ್ತನೆಯ ಕೈಗವಸು ಇದರ ಜೊತೆಗಿದೆ, ಬಿಸಿ ಪಾತ್ರೆ ಹಿಡಿಯುವಾಗ ತೊಟ್ಟುಕೋ. ಹಾಸಿಗೆಯಲ್ಲಿರುವ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು, ಯಾರದು ಎಂದು ಮಾತ್ರ ಹೇಳಬೇಡ. ಆಶೀರ್ವಾದ ಬೇಡುವ,

ನಿನ್ನ ಕೂಸು

ತಾ.ಕ.: ವ್ಯಾನಿನ ಅಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಕೇಳಲು ಸಂಕೋಚವಾಗಿ ಬಿಟ್ಟಿದ್ದೆ, ಅಕ್ಕ ತಲೆಗೆ ಮೊಟಕಿದಳು. ಗುರುವಾರ ಎಲ್ಲರೂ ಕ್ಯಾಮೆರಾ ಹಾಕಬೇಕು, ನಿಮ್ಮ ಮುಖ ನೋಡಿ ಪಾಠ ಮುಗಿಸುತ್ತೇನೆ ಎಂದಿದ್ದಾರೆ ಮೇಡಂ. ಅದಕ್ಕೇ ಡೇಟಾ ಉಳಿಸಿದ್ದು. ಚಹಾವನ್ನು ದೂರದಿಂದ ಕೈಚಾಚಿ ಇಡಬೇಡ, ಅವರ ಭುಜಕ್ಕೆ ತಾಗುವಷ್ಟು ಹತ್ತಿರ ಬಂದು, ಬಗ್ಗಿ ಇಡು. ಅಷ್ಟು ಹತ್ತಿರ ಬಂದರೆ ಬೆಟ್ಟ ನಿನ್ನನ್ನು ಮುಚ್ಚಲಾರದು, ಪೂರ್ತಿ ಕಾಣುತ್ತೀಯ. ಹಾಗೇ ಒಂದು ಸಲ ಅವರ ಮುಂದಿರುವ ಕಂಪ್ಯೂಟರಿನ ಪರದೆಯನ್ನು ನೋಡು. ಮಾತಾಡಬೇಡ, ನಾನೂ ಬಾಯಿ ಬಿಡುವುದಿಲ್ಲ. ಅಪ್ಪ ಆ ದಿನ ನಿದ್ದೆ ಬಿಟ್ಟು, ಗಡ್ಡ ಹೆರೆದುಕೊಂಡು ಕೂರುತ್ತಾರಂತೆ. ಅಲ್ಲಿ ಚಿಕ್ಕ ಚಿಕ್ಕ ಚೌಕಗಳು ಬೇಕಾದಷ್ಟಿರುತ್ತವೆ, ಹುಡುಕುತ್ತ ಗಾಬರಿಯಾಗಬೇಡ. ಎಲ್ಲ ಚೌಕದಲ್ಲೂ ಒಬ್ಬೊಬ್ಬರೇ ಇರುತ್ತಾರೆ. ಮೂವರಿರುವುದು ನಮ್ಮ ಮನೆ.