ವಯಸ್ಸಿನ ಫಿಲ್ಟರ್

ಅಣ್ಣಾ,

ಅಪ್ಪನ ಕಾಯಿಲೆಯಲ್ಲಿ ನೂರಕ್ಕೆ ಎಂಬತ್ತು ಜನ ಗುಣವಾಗುತ್ತಾರೆ ಅಂತ ಹೋದ ವಾರ ಫೋನಿನಲ್ಲಿ ಓದಿ ಹೇಳಿದೆನಲ್ಲ, ಅದು ಮಕ್ಕಳ ಲೆಕ್ಕ. ನಮ್ಮ ಆಸ್ಪತ್ರೆ ಲೈಬ್ರರಿಯ ಆ ಕಂಪ್ಯೂಟರಿನಲ್ಲಿ ನನಗಿಂತ ಮೊದಲು ಮಕ್ಕಳ ಡಾಕ್ಟರೊಬ್ಬರು ಲೇಖನ ಹುಡುಕಿದ್ದರು. ಹದಿನೆಂಟು ವರ್ಷದೊಳಗಿನವರು ಮಾತ್ರ ಎಂಬ ಅವರ ಫಿಲ್ಟರ್ ಹಾಗೇ ಉಳಿದಿತ್ತು. ನಾನು ಸಾರಾಂಶದ ಕೊನೆಯ ಸಾಲು ನೋಡಿ ಕುಣಿದೆ. “ಹಳೆಯ ಫಿಲ್ಟರ್ ತೆಗೆದು ಹುಡುಕಿ” ಎಂದು ಆ ಪರದೆಯ ಕೆಳಗೆ ಚೀಟಿ ಅಂಟಿಸಿದವಳೂ ನಾನೇ.

ಇವತ್ತು ಅದನ್ನು ತೆಗೆದು ವೈದ್ಯಕೀಯ ಲೇಖನಗಳ ಮೂರು ಡೇಟಾಬೇಸ್‌ಗಳಲ್ಲೂ ಮತ್ತೆ ಹುಡುಕಿದೆ. ಅಪ್ಪನ ಹಾಗೆ ಎಪ್ಪತ್ತು ದಾಟಿದವರು ಎಷ್ಟು ಕಾಲ ಬದುಕುತ್ತಾರೆ ಎಂಬುದನ್ನು ಯಾರೂ ವರ್ಷಗಳಲ್ಲಿ ಬರೆದಿಲ್ಲ, ತಿಂಗಳುಗಳಲ್ಲಿ ಬರೆದಿದ್ದಾರೆ. ಪ್ರಿಂಟ್ ತೆಗೆಯಲಿಲ್ಲ.

ಅಪ್ಪನಿಗೆ ನೀನು ಹೇಳಬೇಡ, ಭಾನುವಾರ ನಾನೇ ಬಂದು ಹೇಳುತ್ತೇನೆ. ಬೈಯುವುದಿದ್ದರೆ ಆಮೇಲೆ ಬೈ, ಈಗ ಕೇಳಿಸಿಕೊಳ್ಳುವ ಶಕ್ತಿಯಿಲ್ಲ.

ಇನ್ನೊಂದು ಕೆಲಸವಿದೆ. “ಇನ್ನೂ ಹತ್ತು ವರ್ಷ ಬೊಚ್ಚು ಬಾಯಲ್ಲಿ ಇರೋಕಾಗಲ್ಲ ಕಣೇ” ಅಂತ ಫೋನಿನಲ್ಲಿ ನನ್ನ ಹತ್ತಿರ ನಕ್ಕು, ಆ ಎಂಬತ್ತರ ಲೆಕ್ಕ ನಂಬಿ ಅಪ್ಪ ಹಲ್ಲು ಸೆಟ್ಟಿಗೆ ಅಳತೆ ಕೊಟ್ಟು ಬಂದಿದ್ದಾರೆ. ಹಲ್ಲಿನ ಡಾಕ್ಟರಿಗೆ ಬೇಡ ಅಂದುಬಿಡಬೇಡ. ಸ್ವಲ್ಪ ಬೇಗ ಮಾಡಿಕೊಡಿ ಅನ್ನು.

ನಿನ್ನ ತಂಗಿ